ಫಾಟಕದ ಹಾದಿಯ ಕರಿ ಹರಳು

ಇದನ್ನು ಬರೆಯುವುದನ್ನು ನಾನು ಬಹಳ ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಅಪ್ಪಯ್ಯ ಇದ್ದಾರೆ, ಅವರ ಎದುರಿಗೆ ಬೇಡ ಎಂದುಕೊಂಡೆ. ಅಪ್ಪಯ್ಯ ಹೋದರು. ಅಮ್ಮ ಇದ್ದಾಳಲ್ಲ ಎಂದುಕೊಂಡೆ. ಅಮ್ಮನೂ ಹೋದಳು. ಆಮೇಲೆ ನೌಕರಿ ಮುಗಿಯಲಿ ಎಂದೆ, ಕಣ್ಣಿನ ಆಪರೇಷನ್ ಆಗಲಿ ಎಂದೆ, ಮಳೆಗಾಲ ಕಳೆಯಲಿ ಎಂದೆ. ನೆಪಗಳೂ ಮನುಷ್ಯರ ಹಾಗೆ ಒಂದೊಂದಾಗಿ ತೀರಿಕೊಂಡವು. ಈಗ ದಹಿಸರ್‌ನ ಈ ಮನೆಯಲ್ಲಿ ಕಿಟಕಿಯ ಪಕ್ಕ ಕೂತು ಎರಡು ಪುಟ ಬರೆಯುವಷ್ಟರಲ್ಲಿ ಕೈ ಸೋಲುತ್ತದೆ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಮೊಮ್ಮಕ್ಕಳು ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ, ಅಜ್ಜ, ಆ ಸೈಕಲ್‌ನಿಂದ ಗಿರ್‌ನೇವಾಲಾ ಕಥೆ ಹೇಳು ಎಂದು ದುಂಬಾಲು ಬೀಳುತ್ತಾರೆ. ಹೇಳುತ್ತೇನೆ. ನಲ್ಲಿಯ ಹತ್ತಿರ ಬಿದ್ದದ್ದು, ತಬೇಲಾದ ಗುಂಡಿಗೆ ಬಿದ್ದದ್ದು, ಮಾಸ್ತರರ ಕಾಲ ಬುಡಕ್ಕೆ ಬಿದ್ದದ್ದು. ಎಲ್ಲರೂ ನಗುತ್ತಾರೆ. ಮಾಸ್ತರರ ಕಾಲ ಬುಡಕ್ಕೆ ಬಂದಾಗ ನಾನು ನಿಲ್ಲಿಸಿಬಿಡುತ್ತೇನೆ. ಕೊನೆಯ ಸಲ ಬಿದ್ದದ್ದು ಅದರ ನಂತರ. ಅದನ್ನು ಯಾರಿಗೂ ಹೇಳಿಲ್ಲ.

ನಮ್ಮ ಮನೆ ಆಗ ಮುಂಬಯಿಯ ಜೋಗೇಶ್ವರಿಯಲ್ಲಿ, ರೈಲ್ವೆ ಫಾಟಕದ ಆಚೆ ಬದಿಯ ಒಂದು ಚಾಳಿನಲ್ಲಿತ್ತು. ಹೆಂಚಿನ ಮಾಡು, ಸಾಲಾಗಿ ಎಂಟು ಬಿಡಾರ, ಎದುರಿಗೆ ಉದ್ದಕ್ಕೆ ಒಂದು ಅಂಗಳ, ಅಂಗಳದ ಕೊನೆಗೆ ಎಲ್ಲರಿಗೂ ಸೇರಿದ ಒಂದೇ ನಲ್ಲಿ. ನಮ್ಮದು ಕೊನೆಯ ಬಿಡಾರವಾದ್ದರಿಂದ ಪಕ್ಕದಲ್ಲಿ ಸ್ವಲ್ಪ ಖಾಲಿ ಜಾಗವಿತ್ತು. ಅಲ್ಲಿ ಅಪ್ಪಯ್ಯ ಒಂದು ಕಲ್ಲಿನ ಒರಳನ್ನು ಹುಗಿಸಿದ್ದರು. ಮನೆಯೊಳಗೆ ಎರಡು ಕೋಣೆ. ಮುಂದಿನದರಲ್ಲಿ ನಾವು ಮಲಗುತ್ತಿದ್ದೆವು, ಓದುತ್ತಿದ್ದೆವು, ಯಾರಾದರೂ ಬಂದರೆ ಕೂರಿಸುತ್ತಿದ್ದೆವು. ಹಿಂದಿನದು ಅಡುಗೆ, ದೇವರು ಮತ್ತು ಸ್ನಾನ ಮೂರಕ್ಕೂ ಆಗಬೇಕಿತ್ತು. ದೇವರ ಗೂಡಿಗೂ ಬಚ್ಚಲಿಗೂ ನಡುವೆ ಅಮ್ಮ ಒಂದು ಹಳೆಯ ಸೀರೆ ಕಟ್ಟಿದ್ದಳು. ಅಪ್ಪಯ್ಯ ಅಂಧೇರಿ ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿನಲ್ಲಿ ದೊಡ್ಡ ಅಡಿಗೆಯವರು, ಎಲ್ಲರ ಬಾಯಲ್ಲೂ ಭಟ್ರು. ಊರು ಕುಂದಾಪುರದ ಕಡೆ. ಹೋಟೆಲಿನ ಧಣಿಗಳೂ ಅದೇ ಕಡೆಯವರು. ಮೊದಲ ಲೋಕಲ್ ರೈಲಿಗಿಂತ ಮುಂಚೆ ಒಲೆ ಹೊತ್ತಿಸಬೇಕಾದ್ದರಿಂದ ಧಣಿಗಳು ತಮ್ಮ ಹಳೆಯ ಸೈಕಲ್ಲನ್ನು ಅಪ್ಪಯ್ಯನಿಗೆ ಓಡಿಸಲು ಕೊಟ್ಟಿದ್ದರು. ಅಪ್ಪಯ್ಯ ಮಧ್ಯಾಹ್ನ ಒಂದು ಗಂಟೆಗೆ ಮನೆಗೆ ಬಂದು, ಉಂಡು, ನೆಲದ ಮೇಲೆ ಪಂಚೆ ಹಾಸಿ ಮಲಗಿದರೆ ಏಳುವುದು ಮೂರೂವರೆಗೆ. ಆ ಎರಡೂವರೆ ಗಂಟೆ ಸೈಕಲ್ಲು ಗೋಡೆಗೆ ಒರಗಿಕೊಂಡು ನನ್ನನ್ನು ನೋಡುತ್ತಿತ್ತು. ನನಗೆ ಆಗ ಹನ್ನೊಂದೋ ಹನ್ನೆರಡೋ.

ಆ ಹೋಟೆಲಿಗೆ ಹೆಸರು ಬಂದದ್ದು ಸಾರಿನಿಂದ. ಲೋಟದಲ್ಲಿ ಹೊಗೆಯಾಡುವ ಸಾರನ್ನು ಕುಡಿಯುವುದಕ್ಕೆಂದೇ ವಿಲೇಪಾರ್ಲೆಯಿಂದ ಜನ ಬರುತ್ತಾರೆ ಎಂದು ಅಪ್ಪಯ್ಯ ಹೇಳುತ್ತಿದ್ದರು. ಅದರ ಪುಡಿ ಹೋಟೆಲಿನಲ್ಲಿ ಆಗುತ್ತಿರಲಿಲ್ಲ, ನಮ್ಮ ಮನೆಯಲ್ಲಿ ಆಗುತ್ತಿತ್ತು. ಭಟ್ರ ಹೆಂಡತಿ ಮಡಿಯಲ್ಲಿ ಹುರಿದು ಕುಟ್ಟಿ ಕಳಿಸುತ್ತಾರೆ ಎಂದು ಧಣಿಗಳು ಗಿರಾಕಿಗಳಿಗೆ ಹೆಮ್ಮೆಯಿಂದ ಹೇಳುವುದಿತ್ತು. ಹುರಿಯುವುದೇನೋ ಅಮ್ಮನೇ. ಆದರೆ ವಾರಕ್ಕೆ ಒಂದು ದೊಡ್ಡ ಡಬ್ಬಿ ಪುಡಿ ಕುಟ್ಟುವ ಶಕ್ತಿ ಅಮ್ಮನ ತೋಳಿಗೆ ಇರಲಿಲ್ಲ. ಕುಟ್ಟುವವಳು ಬೇರೆ ಒಬ್ಬಳಿದ್ದಳು. ಬಿಜಾಪುರದ ಕಡೆಯವಳು, ಗಂಡ ಗೂಡ್ಸ್ ಯಾರ್ಡಿನಲ್ಲಿ ಮೂಟೆ ಹೊರುತ್ತಿದ್ದ, ಲೈನಿನ ಪಕ್ಕದ ಗುಡಿಸಲುಗಳಲ್ಲಿ ಅವರ ಮನೆ. ಸ್ವಂತ ಒನಕೆಯನ್ನು ಹೆಗಲ ಮೇಲೆ ಇಟ್ಟುಕೊಂಡು ಬರುತ್ತಿದ್ದುದರಿಂದ ನಾವು ಚಾಳಿನ ಮಕ್ಕಳು ಅವಳನ್ನು ಒನಕೆಯವ್ವ ಎಂದು ಕರೆಯುತ್ತಿದ್ದೆವು. ದೊಡ್ಡವರೂ ಅದನ್ನೇ ಹಿಡಿದರು. ಅವಳು ಹೊಸ್ತಿಲು ದಾಟುವಂತಿರಲಿಲ್ಲ. ಅಮ್ಮ ಒಳಗೆ ಹುರಿದು ಮೊರದಲ್ಲಿ ಹಾಕಿ ಹೊಸ್ತಿಲ ಮೇಲೆ ಇಡಬೇಕು, ಅವಳು ಅಲ್ಲಿಂದ ಎತ್ತಿಕೊಳ್ಳಬೇಕು. ಒಣಗಿದ್ದಕ್ಕೆ ಮೈಲಿಗೆ ಇಲ್ಲ, ಅದರಲ್ಲೂ ಒನಕೆಯ ತುದಿಯಲ್ಲಿ ಕಬ್ಬಿಣ ಇದೆ, ಕಬ್ಬಿಣಕ್ಕೆ ಮೊದಲೇ ಇಲ್ಲ ಎಂದು ಅಪ್ಪಯ್ಯ ತಾವೇ ಒಂದು ಶಾಸ್ತ್ರ ಮಾಡಿಕೊಂಡಿದ್ದರು. ಆ ಶಾಸ್ತ್ರವನ್ನು ಧಣಿಗಳಿಗೆ ಮಾತ್ರ ತಿಳಿಸಿರಲಿಲ್ಲ. ತಿಳಿದರೆ ಅಡಿಗೆಯ ಕೆಲಸ ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ನಮಗೂ ಗೊತ್ತಿತ್ತು. ಹೋಟೆಲಿನವರು ಯಾರಾದರೂ ಮನೆಗೆ ಬಂದ ದಿನ ಒನಕೆಯವ್ವ ಅಂಗಳದಲ್ಲಿ ಒಂದು ಕಡ್ಡಿ ಹಿಡಿದು ಕಸ ಗುಡಿಸುವವಳ ಹಾಗೆ ನಿಂತುಬಿಡುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ.

ಶನಿವಾರ ಬೆಳಿಗ್ಗೆ ಕುಟ್ಟಾಣ. ಮೆಣಸಿನ ಘಾಟಿಗೆ ಇಡೀ ಚಾಳು ಸೀನುತ್ತಿತ್ತು. ಪಕ್ಕದ ಬಿಡಾರದ ಸಾವಂತ್ ಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದು ಪ್ರತಿ ವಾರವೂ ಒಂದೇ ಜಗಳ ತೆಗೆಯುತ್ತಿದ್ದಳು.

"ಅಹೋ ಭಟೀಣ್ ಬಾಯಿ, ಹೀ ಮಿರ್ಚೀ ಕಧೀ ಸಂಪಣಾರ್?"

ಈ ಮೆಣಸು ಯಾವಾಗ ಮುಗಿಯುತ್ತದೆ ಎಂದು. ಅಮ್ಮನಿಗೆ ಮರಾಠಿ ಬಾರದು. ಒಳಗಿನಿಂದಲೇ, "ಆಯ್ತು ಆಯ್ತು, ಸಂಪ್ಲಾ ಸಂಪ್ಲಾ" ಎನ್ನುತ್ತಿದ್ದಳು. ಒನಕೆಯವ್ವ ಮಾತ್ರ ಒನಕೆ ನಿಲ್ಲಿಸದೆಯೇ ಉತ್ತರ ಕೊಡುತ್ತಿದ್ದಳು.

"ಸೀನ್ರಿ ಬಾಯಾರ, ಸೀನ್ರಿ. ಬೇರೇದವರು ರೊಕ್ಕಾ ಕೊಟ್ಟ ನಶ್ಯೆ ಏರಸ್ತಾರ. ನಿಮಗ ಪುಕ್ಕಟ ಸಿಕ್ಕೈತಿ."

ಕುಟ್ಟಿದ್ದನ್ನು ಅವಳು ತೆಳು ಬಿಳಿ ಬಟ್ಟೆಯಲ್ಲಿ ಜರಡಿ ಹಿಡಿಯುತ್ತಿದ್ದಳು. ಕೊನೆಗೆ ಒಂದು ಚಿಟಿಕೆ ಪುಡಿಯನ್ನು ಹೆಬ್ಬೆರಳಿಗೂ ಉಂಗುರದ ಬೆರಳಿಗೂ ನಡುವೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ತಿಕ್ಕುವಳು. ನಮ್ಮ ಪುಡಿಯನ್ನು ಅವಳು ನಾಲಗೆಗೆ ಹಚ್ಚುವಂತಿಲ್ಲವಲ್ಲ, ಬೆರಳೇ ಅವಳ ನಾಲಗೆ. ಸಾಸಿವೆಯ ಒಂದು ಸಿಪ್ಪೆ ಸಿಕ್ಕರೂ ಮತ್ತೆ ಒರಳಿಗೆ. ಕಣ್ಣು ಯಾಕೆ ಮುಚ್ಚಿಕೊಳ್ಳುತ್ತೀ ಎಂದು ನಾನೊಮ್ಮೆ ಕೇಳಿದ್ದೆ.

"ಕಣ್ಣು ಸುಳ್ಳ ಹೇಳ್ತಾವೋ ತಮ್ಮಾ. ಬೆರಳು ಹೇಳೂದಿಲ್ಲ."

ಸೈಕಲ್ ಕಲಿಯುವುದಕ್ಕೆ ನಾನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಸೀಟು ನನ್ನ ಎದೆಯ ಎತ್ತರಕ್ಕಿತ್ತು. ಮುಂಬಯಿಯ ಹುಡುಗರು ಕೈಂಚಿ ಎನ್ನುತ್ತಿದ್ದ ರೀತಿಯಲ್ಲಿ, ನಡುವಿನ ದಂಡಿಗೆಯ ಕೆಳಗಿನಿಂದ ಒಂದು ಕಾಲು ತೂರಿಸಿ, ಮೈಯನ್ನು ಬಿಲ್ಲಿನ ಹಾಗೆ ಬಾಗಿಸಿ ಅರ್ಧ ಪೆಡಲು ಹೊಡೆಯಬೇಕು. ಮೊದಲ ದಿನವೇ ಇಳಿಜಾರಿನಲ್ಲಿ ಬ್ರೇಕು ಮರೆತು ನಲ್ಲಿಯ ಮುಂದಿನ ಕೊಡಗಳ ಸಾಲಿಗೆ ಹೋಗಿ ಬಿದ್ದೆ. ಏಳು ಕೊಡ ಉರುಳಿದವು. ಹಿತ್ತಾಳೆಯ ಸದ್ದಿಗೆ ಚಾಳಿನ ಎಲ್ಲ ಬಾಗಿಲುಗಳೂ ತೆರೆದವು, ನಮ್ಮದೊಂದನ್ನು ಬಿಟ್ಟು. ಅಪ್ಪಯ್ಯನ ಮಧ್ಯಾಹ್ನದ ನಿದ್ದೆ ಅಷ್ಟು ಗಟ್ಟಿ. ಎರಡನೆಯದು ತಬೇಲಾದಲ್ಲಿ. ಎಮ್ಮೆಗಳ ಗಂಜಲ ಹರಿದು ನಿಂತ ಗುಂಡಿಯ ಅಂಚಿನಲ್ಲಿ ಹೋಗುವಾಗ, ಬೀಳಬಾರದು ಎಂದು ಗುಂಡಿಯನ್ನೇ ನೋಡುತ್ತಿದ್ದೆ. ಯಾವುದನ್ನು ನೋಡುತ್ತೇವೋ ಸೈಕಲ್ಲು ಅಲ್ಲಿಗೇ ಹೋಗುತ್ತದೆ ಎನ್ನುವುದು ಆಗ ತಿಳಿಯಿತು. ಇನ್ನೊಂದು ಸಲ ಚಡ್ಡಿ ಸರಪಳಿಗೆ ಸಿಕ್ಕಿ ಹಿಂದುಗಡೆ ಉದ್ದಕ್ಕೂ ಹರಿದು, ಮನೆಯವರೆಗೂ ಗೋಡೆಗಳಿಗೆ ಬೆನ್ನು ಮಾಡಿ ಅಡ್ಡಡ್ಡ ನಡೆದು ಬಂದೆ. ಮಾಸ್ತರರದ್ದು ಎಲ್ಲಕ್ಕಿಂತ ಕೆಟ್ಟದ್ದು. ನಮ್ಮ ಕನ್ನಡ ಶಾಲೆಯ ಮಾಸ್ತರರು ಸಂತೆ ಚೀಲ ಹಿಡಿದು ಎದುರಿಗೆ ಬಂದರು. ಗುರುಗಳನ್ನು ಕಂಡರೆ ಎರಡೂ ಕೈ ಜೋಡಿಸಬೇಕು ಎಂದು ಅವರೇ ಕಲಿಸಿದ್ದು. ಜೋಡಿಸಿದೆ. ಸೈಕಲ್ಲು ಒಂದು ಕಡೆ ಹೋಯಿತು, ನಾನು ಅವರ ಚಪ್ಪಲಿಯ ಮೇಲೆ. ಅವರು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಹೇಳಿದರು.

"ಇಷ್ಟೊಂದು ಭಕ್ತಿ ಒಳ್ಳೇದಲ್ಲ. ಏಳು."

ಚಾಳಿನ ಹುಡುಗರು ನನ್ನನ್ನು ಕಂಡಾಗಲೆಲ್ಲ "ಪಡ್ಲಾ ರೇ ಪಡ್ಲಾ", ಬಿದ್ದನೋ ಬಿದ್ದ, ಎಂದು ಕೂಗುವುದು ರೂಢಿಯಾಯಿತು. ನಾನು ನಡೆದುಕೊಂಡು ಹೋಗುತ್ತಿದ್ದರೂ ಕೂಗುವರು. ಅಪ್ಪಯ್ಯನಿಗೂ ಒಂದು ದಿನ ಸುದ್ದಿ ಮುಟ್ಟಿತು. ಅವರು ಹೊಡೆಯಲಿಲ್ಲ. ಊಟದ ಎಲೆಯಿಂದ ತಲೆ ಎತ್ತದೆ ಒಂದೇ ಮಾತು ಹೇಳಿದರು.

"ಸೈಕಲ್ ನಮ್ಮದಲ್ಲ, ಧಣಿಗಳದ್ದು. ಬಿಡ್ಲಿಕ್ಕೆ ಬರ್ತದೆ ಅಂತಾದ್ರೆ ಬಿಡು. ಇನ್ನೊಂದು ಸಲ ಬಿದ್ದೆ ಅಂತ ಕೇಳಿದ್ರೆ ಮುಟ್ಟುದು ಬೇಡ."

ಆಮೇಲೆ ನಾನು ಬೀಳುವುದನ್ನು ನಿಲ್ಲಿಸಲಿಲ್ಲ, ಅಡಗಿಸಲು ಕಲಿತೆ. ಅದಕ್ಕೆ ನೆರವಾದವಳು ಒನಕೆಯವ್ವ. ವಾರದಲ್ಲಿ ಮೂರು ದಿನ ಅವಳು ಮಧ್ಯಾಹ್ನ ಬಂದು ಅಂಗಳದ ನೆರಳಿನಲ್ಲಿ ಕೊತ್ತಂಬರಿ, ಮೆಣಸು ಹಸನು ಮಾಡುತ್ತಿದ್ದಳು. ನಾನು ಕುಂಟುತ್ತ ಬರುವುದು ಅವಳಿಗೆ ದೂರದಿಂದಲೇ ತಿಳಿಯುತ್ತಿತ್ತು. ಮಾತಾಡದೆ ಕರೆದು, ಒರಳಿನ ಹಿಂದೆ ಕೂರಿಸಿ, ನೀರು ಹಾಕಿ ತೊಳೆದು, ತನ್ನ ಸೊಂಟದ ಚೀಲದಿಂದ ಅರಿಸಿನ ತೆಗೆದು ಒತ್ತುವಳು.

"ಇದಕ್ಕ ಮಣಕಾಲು ಅಂತಾರೋ, ಜರಡಿ ಅಂತಾರೋ ತಮ್ಮಾ?"

"ಅಪ್ಪಯ್ಯನಿಗೆ ಹೇಳ್ಬೇಡ."

"ನಾ ಯಾಕ ಹೇಳ್ಲಿ. ಭೂಮಿತಾಯಿ ಕರದಾಳು, ನೀ ಹೋಗಿ ಮುದ್ದು ಕೊಟ್ಟ ಬಂದಿ. ನಿಮ್ಮಿಬ್ಬರ ನಡುವಿನ ಮಾತದು."

ಅಮ್ಮ ಒಳಗಿನಿಂದ ಅದು ಎಂತ ಗುಸುಗುಸು ಎಂದು ಕೇಳಿದರೆ, ಏನಿಲ್ಲರೀ ಅವ್ವಾರ, ಮೆಣಸಿನಕಾಯಿ ತೊಟ್ಟು ಬಿಡಸಾಕ ಕಲಸಾಕತ್ತೇನಿ ಎನ್ನುವಳು. ಹೊಸ್ತಿಲು ದಾಟಬಾರದ ಕೈ ನನ್ನ ಕಾಲು ಮುಟ್ಟಿದ್ದಕ್ಕೆ ಅಮ್ಮ ಏನೆನ್ನುತ್ತಿದ್ದಳೋ ಗೊತ್ತಿಲ್ಲ. ನಾನು ಹೇಳಲಿಲ್ಲ, ಸ್ನಾನವನ್ನೂ ಮಾಡಲಿಲ್ಲ. ಆ ಮನೆಯಲ್ಲಿ ನನ್ನನ್ನು ನೋಡಿ ಮೊದಲು ನಕ್ಕು ಆಮೇಲೆ ಗಾಯ ನೋಡುತ್ತಿದ್ದವಳು ಅವಳೊಬ್ಬಳೇ. ಉಳಿದವರು ಮೊದಲು ಸೈಕಲ್ಲನ್ನು ನೋಡುತ್ತಿದ್ದರು.

ಆ ವರ್ಷ ಮಳೆಗಾಲ ಮುಗಿದ ಮೇಲೆ ಅಪ್ಪಯ್ಯನಿಗೆ ಶನಿವಾರ ಸಂಜೆ ಜೋಗೇಶ್ವರಿಯ ಬಾಳೆಲೆಯವನಿಂದ ಎಲೆಯ ಕಟ್ಟನ್ನೂ ಒಯ್ಯುವ ಕೆಲಸ ಬಿತ್ತು. ಕ್ಯಾರಿಯರಿನ ಮೇಲೆ ಎಲೆಯ ಕಟ್ಟು ಕೂತರೆ ಪುಡಿಯ ಡಬ್ಬಿಗೆ ಜಾಗವಿಲ್ಲ. ಹಾಗಾಗಿ ಮಧ್ಯಾಹ್ನ ಅವರು ಮಲಗಿದ್ದಾಗ ನಾನು ಡಬ್ಬಿಯನ್ನು ಅಂಧೇರಿಗೆ ಮುಟ್ಟಿಸಿ ಬರಬೇಕು ಎಂದಾಯಿತು. ನನಗೆ ಆದ ಸಂತೋಷವನ್ನು ಈಗ ನೆನೆದರೆ ಆಯಾಸವಾಗುತ್ತದೆ. ಹೋಟೆಲಿನ ಉಗ್ರಾಣದ ಶೇಷಣ್ಣ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು, ಭಟ್ರ ಮಗ ದೊಡ್ಡವನಾದ ಎಂದು ಒಂದು ತುಂಡು ಮೈಸೂರುಪಾಕು ಕೊಡುತ್ತಿದ್ದ. ಡಬ್ಬಿಯನ್ನು ಹುರಿಹಗ್ಗದಿಂದ ಕ್ಯಾರಿಯರಿಗೆ ಬಿಗಿಯುವವಳು ಒನಕೆಯವ್ವ. ಮುಚ್ಚಳದ ಮೇಲೆ ಎರಡು ಸುತ್ತು, ಅಡ್ಡ ಒಂದು ಸುತ್ತು. ಬಿಚ್ಚುವುದಕ್ಕೆ ಶೇಷಣ್ಣ ಹಲ್ಲು ಹಾಕಬೇಕಾಗುತ್ತಿತ್ತು.

ನಾಲ್ಕು ಶನಿವಾರ ಸರಿಯಾಗಿ ಹೋಗಿ ಬಂದೆ. ಐದನೆಯ ಶನಿವಾರ ಹಗ್ಗದ ಗಂಟಿನ ಕೆಳಗೆ ಬೆರಳು ತೂರಿಸಿ ನಾನೇ ಸ್ವಲ್ಪ ಸಡಿಲ ಮಾಡಿಕೊಂಡೆ, ಶೇಷಣ್ಣನಿಗೆ ಕಷ್ಟವಾಗಬಾರದು, ಮೈಸೂರುಪಾಕು ಬೇಗ ಕೈಗೆ ಬರಬೇಕು ಎಂದು. ಫಾಟಕದ ಹತ್ತಿರ ಲೈನಿಗೆ ಸಮನಾಗಿ ಒಂದು ಕಾಲುಹಾದಿಯಿತ್ತು. ಗೂಡ್ಸ್ ಇಂಜಿನ್ನುಗಳು ಉದುರಿಸಿದ ಕಲ್ಲಿದ್ದಲಿನ ಕಿಟ್ಟವನ್ನು ಅದರ ಮೇಲೆ ಹರಡಿದ್ದರು, ಗಾಜಿನ ಚೂರಿನಂಥ ಕರಿ ಹರಳುಗಳು. ಫಾಟಕ ಹಾಕಿತ್ತು. ಚಾಳಿನ ಹುಡುಗರು ನಾಲ್ಕು ಜನ ಅದರ ಅಡ್ಡಗಂಬಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಎಂದಿನ ಕೂಗು ಹಾಕಿದರು. ಇನ್ನೂ ಬಿದ್ದಿರಲಿಲ್ಲ, ಬೀಳುವ ಯಾವ ಕಾರಣವೂ ಇರಲಿಲ್ಲ. ಅವರಿಗೆ ತೋರಿಸಬೇಕು ಎಂದು ಎರಡೂ ಕೈ ಬಿಟ್ಟು ಎದೆಗೆ ಕಟ್ಟಿಕೊಂಡೆ. ಒಂದು ಹತ್ತು ಮಾರು ಹೋಗಿರಬಹುದು. ಮುಂದಿನ ಚಕ್ರ ಕಿಟ್ಟದಲ್ಲಿ ಜಾರಿತು. ಅಂಗೈ ಊರಿ ಬಿದ್ದೆ. ಹುಡುಗರಿಗೆ ಕೂಗಲಿಕ್ಕೂ ನಗಲಿಕ್ಕೂ ಪುರುಸೊತ್ತು ಸಿಗಲಿಲ್ಲ. ಅಷ್ಟರಲ್ಲಿ ಲೋಕಲ್ ಬಂತು, ಫಾಟಕ ತೆರೆಯಿತು, ಅವರು ಓಡಿದರು.

ಡಬ್ಬಿ ಉರುಳಿತ್ತು. ಮುಚ್ಚಳ ಬೇರೆ ಇತ್ತು. ಕಾಲು ಭಾಗ ಪುಡಿ ಹಾದಿಯ ಮೇಲೆ ಗುಪ್ಪೆಯಾಗಿ ಬಿದ್ದಿತ್ತು, ಇನ್ನೂ ಬಿಸಿ, ಇನ್ನೂ ಪರಿಮಳ. ಅದನ್ನು ಅಲ್ಲೇ ಬಿಡಬಹುದಿತ್ತು. ಡಬ್ಬಿ ಸ್ವಲ್ಪ ಕಡಿಮೆಯಾಗಿದ್ದರೆ ಯಾರೂ ಸಾಯುತ್ತಿರಲಿಲ್ಲ. ಆದರೆ ಶೇಷಣ್ಣ ಮುಚ್ಚಳ ತೆಗೆದೊಡನೆ ಕೇಳುತ್ತಾನೆ, ಅಪ್ಪಯ್ಯನಿಗೆ ಹೇಳುತ್ತಾನೆ, ಸೈಕಲ್ಲು ಹೋಗುತ್ತದೆ. ಎರಡೂ ಕೈಯಿಂದ ಬಾಚಿ ಬಾಚಿ ಡಬ್ಬಿಗೆ ತುಂಬಿದೆ. ಮೇಲಿನದನ್ನಷ್ಟೇ ತೆಗೆಯುತ್ತೇನೆ ಎಂದು ಶುರು ಮಾಡಿ ತಳದವರೆಗೂ ತೆಗೆದೆ. ಕಪ್ಪಗೆ ಹುರಿದ ಪುಡಿಯಲ್ಲಿ ಕರಿ ಹರಳು ಕಾಣುತ್ತಿರಲಿಲ್ಲ. ಡಬ್ಬಿಯನ್ನು ಅಲ್ಲಾಡಿಸಿ ಸಮ ಮಾಡಿ, ಹಗ್ಗ ಬಿಗಿದು, ಅಂಧೇರಿಗೆ ಹೋಗಿ ಕೊಟ್ಟೆ. ಶೇಷಣ್ಣ ಮೈಸೂರುಪಾಕು ಕೊಟ್ಟ. ತಿಂದೆ.

ಮನೆಗೆ ಬಂದಾಗ ಒನಕೆಯವ್ವ ಒರಳು ತೊಳೆಯುತ್ತಿದ್ದಳು. ಕೈ ಹಿಂದೆ ಇಟ್ಟುಕೊಂಡು ಒಳಗೆ ಹೋಗುತ್ತಿದ್ದವನನ್ನು ಕಣ್ಣಲ್ಲೇ ಕರೆದಳು. ಅಂಗೈಯ ತುಂಬ ಕರಿ ಹರಳು ಹೊಕ್ಕಿತ್ತು. ಕೊರಳ ಸರದಲ್ಲಿ ಸಿಕ್ಕಿಸಿದ್ದ ಪಿನ್ನು ತೆಗೆದು, ಒಂದೊಂದನ್ನೇ ಎಬ್ಬಿಸಿ, ತನ್ನ ಅಂಗೈಯಲ್ಲಿ ಸಾಲಾಗಿ ಇಟ್ಟುಕೊಂಡಳು. ಬಹಳ ಹೊತ್ತು ಹಿಡಿಯಿತು. ಆಮೇಲೆ ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ನನ್ನ ಅಂಗೈ ಸವರಿ ನೋಡಿದಳು, ಪುಡಿ ನೋಡುವ ಹಾಗೆಯೇ.

"ಡಬ್ಬಿಗೆ ಏನೂ ಆಗಿಲ್ಲಲ್ಲ?"

"ಇಲ್ಲ."

"ಹೌದಲ್ಲ?"

"ಬರುವಾಗ ಬಿದ್ದದ್ದು. ಕೊಟ್ಟಾದ ಮೇಲೆ."

"ಹಂಗಾದ್ರ ಹೋಗ್ಲಿ ಬಿಡು. ಕೈ ಏನು, ಬರ್ತೈತಿ."

ತನ್ನ ಸೀರೆಯ ಅಂಚು ಹರಿದು ಕಟ್ಟಿದಳು. ನೀಲಿ ಬಣ್ಣದ ಅಂಚು.

ಸೋಮವಾರ ಅಪ್ಪಯ್ಯ ಮಧ್ಯಾಹ್ನ ಒಂದಕ್ಕೆ ಮುಂಚೆಯೇ ಬಂದರು. ಊಟಕ್ಕೆ ಕೂರಲಿಲ್ಲ. ಅಮ್ಮ ಎಲೆ ಹಾಕಿದ್ದಳು, ಅದು ಹಾಗೇ ಇತ್ತು. ಒನಕೆಯವ್ವ ಅಂಗಳದಲ್ಲಿ ವಾರದ ಕೊತ್ತಂಬರಿ ಹಸನು ಮಾಡುತ್ತಿದ್ದಳು. ಅಪ್ಪಯ್ಯ ಜನಿವಾರದ ಮೇಲೆ ಹೊದ್ದ ಟವೆಲಿನ ಗಂಟಿನಿಂದ ಒಂದು ಕಾಗದದ ಪೊಟ್ಟಣ ತೆಗೆದು, ಅವಳ ಮೊರದ ಪಕ್ಕದಲ್ಲಿ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

"ಇದು ಎಂತ, ನೋಡು."

ಅವಳು ಕೈ ಒರೆಸಿಕೊಂಡು ಪೊಟ್ಟಣ ಬಿಚ್ಚಿದಳು. ಮೂರೋ ನಾಲ್ಕೋ ಹರಳು. ಒಂದನ್ನು ಎತ್ತಿ ಹೆಬ್ಬೆರಳು, ಉಂಗುರದ ಬೆರಳಿನ ನಡುವೆ ಇಟ್ಟು, ಕಣ್ಣು ಮುಚ್ಚಿ ತಿಕ್ಕಿದಳು. ಕಣ್ಣು ತೆರೆದಾಗ ಅವಳು ನೋಡಿದ್ದು ಬಾಗಿಲಲ್ಲಿ ನಿಂತಿದ್ದ ನನ್ನ ಕೈಯನ್ನು, ಅದಕ್ಕೆ ಕಟ್ಟಿದ್ದ ನೀಲಿ ಅಂಚನ್ನು.

"ಎಲ್ಲಿ ಸಿಕ್ತರೀ ಇದು?"

"ಧಣಿಗಳ ಲೋಟದ ಅಡಿಯಲ್ಲಿ. ಸಾರು ಕುಡಿವಾಗ ಹಲ್ಲಿಗೆ ಸಿಕ್ಕಿತಂತೆ. ಹತ್ತು ಜನ ಗಿರಾಕಿಗಳ ಎದುರು ಉಗಿದ್ರು. ಈ ಪುಡಿ ನಿಮ್ಮ ಮನೆಯವ್ರೇ ಕುಟ್ಟುದಾ ಭಟ್ರೇ, ಒಂದು ದಿನ ಬಂದು ನೋಡುವಾ ಅಂದ್ರು. ಎಂತ ಹೇಳುದು ನಾನು?"

ಅಮ್ಮ ಒಳಗಿನಿಂದ, "ಇಷ್ಟು ವರ್ಷದಲ್ಲಿ ಅವಳ ಕೈಯಲ್ಲಿ ಒಂದು ಕಲ್ಲು ಬರ್ಲಿಲ್ಲ" ಎಂದಳು.

"ಈಗ ಬಂತಲ್ಲ."

ಆಮೇಲೆ ಅಪ್ಪಯ್ಯ ನನ್ನ ಕಡೆ ತಿರುಗಿದರು. ಅವರು ಕೆಟ್ಟವರಲ್ಲ. ಕೇಳಬೇಕಾದದ್ದನ್ನು ಕೇಳಿದರು.

"ದಾರಿಯಲ್ಲಿ ಎಲ್ಲಾದ್ರೂ ಬಿದ್ದೆಯಾ ಹೇಗೆ?"

"ಇಲ್ಲ."

"ಕೈಗೆ ಎಂತ ಆದ್ದು?"

"ನಲ್ಲಿ ಹತ್ರ ಜಾರಿದೆ. ನಿನ್ನೆ."

ಒನಕೆಯವ್ವ ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ. ಕಾಯುತ್ತಿದ್ದಳು. "ತಮ್ಮಾ," ಎಂದಳು, ಅಷ್ಟೇ. ನನಗೆ ಮಾತು ತೆಗೆಯಲು ಒಂದು ಜಾಗ ಮಾಡಿಕೊಟ್ಟ ಹಾಗಿತ್ತು ಆ ಕರೆ. ನಾನು ಗೋಡೆಗೆ ಒರಗಿದ್ದ ಸೈಕಲ್ಲನ್ನು ನೋಡಿದೆ. ಅದರ ಹ್ಯಾಂಡಲ್ಲು ಸ್ವಲ್ಪ ಓರೆಯಾಗಿತ್ತು, ಶನಿವಾರದಿಂದ. ಅಪ್ಪಯ್ಯ ಗಮನಿಸಿರಲಿಲ್ಲ. ಅದು ನೆಟ್ಟಗೆ ಕಾಣುವ ಹಾಗೆ ನಾನು ಅದರ ಮುಂದೆ ಹೋಗಿ ನಿಂತೆ.

ಒನಕೆಯವ್ವ ಹರಳನ್ನು ಪೊಟ್ಟಣಕ್ಕೆ ಹಾಕಿ ಮಡಚಿದಳು.

"ಕಣ್ಣು ಮಂಜಾಗ್ಯಾವರೀ ಭಟ್ಟರ. ಜರಡಿ ಹಿಡಿಯೂವಾಗ ತಪ್ಪಿರಬೇಕು. ನಂದ ತಪ್ಪು."

ಅವಳು ಹರಳು ಹಿಡಿಯುತ್ತಿದ್ದುದು ಕಣ್ಣಿನಿಂದ ಅಲ್ಲ ಎಂದು ಆ ಅಂಗಳದಲ್ಲಿ ನನಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಯಾಕೆ ಹಾಗೆ ಹೇಳಿದಳು ಎಂದು ಎಷ್ಟೋ ವರ್ಷ ಯೋಚಿಸಿದ್ದೇನೆ. ನನ್ನ ಮೇಲಿನ ಪ್ರೀತಿಯಿಂದ ಎಂದುಕೊಂಡರೆ ನನಗೆ ಹಿತವಾಗುತ್ತದೆ, ಅದಕ್ಕೇ ಅದನ್ನು ನಂಬುವುದಿಲ್ಲ. ಭಟ್ರ ಮಗ ಬಿದ್ದಿಲ್ಲ ಎಂದ ಮೇಲೆ ಹೊಸ್ತಿಲ ಹೊರಗಿನವಳು ಬಿದ್ದಿದ್ದಾನೆ ಎಂದರೆ ಯಾರು ಕೇಳುತ್ತಾರೆ ಎಂದು ಅವಳು ಲೆಕ್ಕ ಹಾಕಿರಬೇಕು. ಎರಡೂ ಇದ್ದಿರಬಹುದು.

"ನಾಳೆಯಿಂದ ಬರುದು ಬೇಡ," ಎಂದರು ಅಪ್ಪಯ್ಯ. "ಧಣಿಗಳು ಯಾವಾಗ ಬರ್ತಾರೋ ಗೊತ್ತಿಲ್ಲ. ನೀನು ಇಲ್ಲಿ ಅವರ ಕಣ್ಣಿಗೆ ಬೀಳ್ಬಾರ್ದು."

ಅವಳು ಮೊರದಲ್ಲಿದ್ದ ಕೊತ್ತಂಬರಿಯನ್ನು ಪೂರ್ತಿ ಹಸನು ಮಾಡಿದಳು. ಅರ್ಧಕ್ಕೆ ಬಿಡಲಿಲ್ಲ. ಮೊರವನ್ನು ಹೊಸ್ತಿಲ ಮೇಲೆ ಇಟ್ಟು, ಒನಕೆಯನ್ನು ತೊಳೆದು ಹೆಗಲಿಗೆ ಏರಿಸಿಕೊಂಡಳು. ಹೋಗುವಾಗ ನಿಂತು ಹೇಳಿದಳು.

"ಬ್ಯಾರೆ ಮನಿಯವರು ಯಾರರೆ ಕೇಳಿದ್ರ, ಇಕಿ ಕೈ ಚಲೋ ಐತಿ ಅಂತ ಒಂದ ಮಾತ ಹೇಳ್ರಿ ಭಟ್ಟರ. ನಿಮ್ಮ ಮಾತಿಗೆ ತೂಕ ಐತಿ."

"ಹೇಳುವಾ. ಹೆಸರು ಎಂತ ನಿಂದು?"

ನಾಲ್ಕು ವರ್ಷ ನಮ್ಮ ಅಂಗಳದಲ್ಲಿ ಕುಟ್ಟಿದವಳ ಹೆಸರನ್ನು ಅಪ್ಪಯ್ಯ ಅಂದು ಮೊದಲ ಸಲ ಕೇಳಿದರು. ನಾವೂ ಮೊದಲ ಸಲವೇ ಕೇಳಿಸಿಕೊಂಡದ್ದು. ಅವಳು ಹೇಳಿದಳು. ಅಪ್ಪಯ್ಯ ತಲೆಯಾಡಿಸಿ ಒಳಗೆ ಹೋಗಿ ಊಟಕ್ಕೆ ಕೂತರು.

ಅವರು ಆ ಮಾತನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದು ಬೇರೆ. ಸ್ಟೇಷನ್ನಿನ ಆಚೆ ನಮ್ಮ ಕಡೆಯವರ ಇನ್ನೆರಡು ಮನೆಗಳಿದ್ದವು. ಒನಕೆಯವ್ವ ಕೆಲಸ ಕೇಳಿಕೊಂಡು ಅಲ್ಲಿಗೂ ಹೋದಳಂತೆ. ಅವರು ಅಪ್ಪಯ್ಯನನ್ನು ವಿಚಾರಿಸಿದರು. ಅಪ್ಪಯ್ಯ ಸುಳ್ಳು ಹೇಳುವ ಮನುಷ್ಯರಲ್ಲ. ಪುಡಿಯಲ್ಲಿ ಕಲ್ಲು ಬಂತು ಎಂದರು. ಕುಟ್ಟುವವಳಿಗೆ ಅದಕ್ಕಿಂತ ದೊಡ್ಡ ಕೆಟ್ಟ ಹೆಸರು ಇಲ್ಲ. ಇದು ಅಪ್ಪಯ್ಯನೇ ಒಂದು ದಿನ ಊಟ ಮಾಡುತ್ತ ಅಮ್ಮನಿಗೆ ಹೇಳಿದ್ದು. ನಾನು ಪಕ್ಕದ ಎಲೆಯಲ್ಲಿ ಸಾರು ಕಲಸುತ್ತಿದ್ದೆ. ಆಗಲೂ ಹೇಳಬಹುದಿತ್ತು. ಅಷ್ಟು ಹೊತ್ತಿಗೆ ಹೇಳದಿರುವುದು ಸುಲಭವಾಗಿಬಿಟ್ಟಿತ್ತು.

ಪುಡಿಯನ್ನು ಅಮ್ಮನೇ ಕುಟ್ಟತೊಡಗಿದಳು. ಅಂಗೈಯ ಬೊಬ್ಬೆಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಾಗಿಲಲ್ಲಿ ಕೂರುತ್ತಿದ್ದಳು. ಸಾವಂತ್ ಬಾಯಿ ಈಗ ಜಗಳಕ್ಕೆ ಬರುತ್ತಿರಲಿಲ್ಲ. ಒಂದು ಶನಿವಾರ ಬಂದು, ಆ ಮಾತಿನ ಮಲ್ಲಿ ಎಲ್ಲಿ ಎಂದು ಕೇಳಿದಳು. ಅಮ್ಮ, ಹೋದಳು ಎನ್ನಲು, "ಗೇಲೀ" ಎಂದಳು. ಧಣಿಗಳು ನಮ್ಮ ಮನೆಗೆ ಒಮ್ಮೆಯೂ ಬರಲಿಲ್ಲ. ಸೈಕಲ್ಲು ಮಾತ್ರ ನನಗೆ ಉಳಿಯಿತು. ವಿಚಿತ್ರವೆಂದರೆ ಆಮೇಲೆ ನಾನು ಬೀಳುವುದು ನಿಂತುಹೋಯಿತು. ಹುಡುಗರು ಕೂಗುವುದನ್ನು ಬಿಟ್ಟರು. ಬೇಸಿಗೆಯ ಹೊತ್ತಿಗೆ ಸೀಟಿನ ಮೇಲೆ ಕೂತು ಸಲೀಸಾಗಿ ಓಡಿಸುತ್ತಿದ್ದೆ.

ಆ ಬೇಸಿಗೆಯ ಒಂದು ಮಧ್ಯಾಹ್ನ ಫಾಟಕದ ಹಾದಿಯಲ್ಲಿ ಅವಳನ್ನು ಕಂಡೆ. ನಾಲ್ಕೈದು ಹೆಂಗಸರು ಲೈನಿನ ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕಿಟ್ಟದ ರಾಶಿಯಿಂದ ಸುಡದೆ ಉಳಿದ ಇದ್ದಿಲು ಆಯುತ್ತಿದ್ದರು. ಚಹದ ಗಾಡಿಯವರು ಅದನ್ನು ಕೊಳ್ಳುತ್ತಿದ್ದರು. ಉಳಿದವರು ಬಗ್ಗಿ ಕಣ್ಣಿಟ್ಟು ಹುಡುಕುತ್ತಿದ್ದರೆ ಅವಳೊಬ್ಬಳು ಕುಕ್ಕರಗಾಲಲ್ಲಿ ಕೂತು, ಎಲ್ಲೋ ನೋಡುತ್ತ, ಬೆರಳುಗಳಿಂದ ಆಯುತ್ತಿದ್ದಳು. ಮೊಣಕೈವರೆಗೂ ಕಪ್ಪು. ನನ್ನ ಸೈಕಲ್ಲಿನ ಗಂಟೆಯ ಸದ್ದಿಗೆ ತಲೆ ಎತ್ತಿದಳು. ಗುರುತು ಹಿಡಿದಳು. ಮುಖದಲ್ಲಿ ಮೊದಲು ನಗೆಯೇ ಬಂತು, ಹಿಂದಿನ ಹಾಗೆ, ಆಮೇಲೆ ಕಣ್ಣು ನನ್ನ ಮೊಣಕಾಲಿಗೆ ಹೋಯಿತು.

"ತಮ್ಮಾ, ಈಗ ಬೀಳೂದಿಲ್ಲಲ್ಲ?"

ಬ್ರೇಕು ಹಿಡಿದಿದ್ದರೆ ಸಾಕಿತ್ತು. ಸೀಟಿನಿಂದ ಜಾರಿ ಒಂದು ಕಾಲು ಊರಿ ನಿಲ್ಲುವುದು ಆಗಲೇ ಬರುತ್ತಿತ್ತು ನನಗೆ. ನಾನು ಇನ್ನೊಂದು ಸಲ ಗಂಟೆ ಬಾರಿಸಿ, ಹ್ಯಾಂಡಲ್ಲು ಗಟ್ಟಿಯಾಗಿ ಹಿಡಿದು, ಆ ಕರಿ ಹರಳಿನ ಮೇಲೆ ಒಂದು ಚೂರೂ ಜಾರದೆ ಹೊರಟುಹೋದೆ. ಆ ಹಾದಿಯನ್ನು ಬಿಟ್ಟು ಸುತ್ತು ಹಾದಿಯಲ್ಲಿ ಹೋಗುವುದನ್ನು ಅಂದಿನಿಂದ ಅಭ್ಯಾಸ ಮಾಡಿಕೊಂಡೆ. ಮುಂದೆ ಮ್ಯಾಟ್ರಿಕ್ ಆಯಿತು, ಬಾಂದ್ರಾದ ಒಂದು ಆಫೀಸಿನಲ್ಲಿ ಗುಮಾಸ್ತನಾದೆ, ಮೂವತ್ತಾರು ವರ್ಷ ಅಲ್ಲಿ ಕೂತೆ. ಯಾರದೋ ತಪ್ಪು ಯಾರದೋ ತಲೆಗೆ ಬೀಳುವುದನ್ನು ಎಷ್ಟೋ ಸಲ ನೋಡಿದೆ. ಪ್ರತಿ ಸಲವೂ ಯಾವುದೋ ಓರೆಯಾದದ್ದನ್ನು ಮರೆಮಾಡಿ ನಿಲ್ಲುವ ಆ ಭಂಗಿ ತಾನಾಗಿಯೇ ಮೈಗೆ ಬರುತ್ತಿತ್ತು. ಒಳ್ಳೆಯ ಮನುಷ್ಯ, ಯಾರ ತಂಟೆಗೂ ಹೋಗುವುದಿಲ್ಲ ಎಂದು ನಿವೃತ್ತಿಯ ದಿನ ಹಾರ ಹಾಕಿ ಹೇಳಿದರು.

ಒಂದು ಹರಳು ಮಾತ್ರ ನನ್ನ ಬಲ ಅಂಗೈಯ ಹೆಬ್ಬೆರಳ ಬುಡದಲ್ಲಿ ಉಳಿದುಹೋಗಿದೆ. ಚರ್ಮದ ಕೆಳಗೆ ನೀಲಿಗಟ್ಟಿದ ಒಂದು ಚುಕ್ಕೆ. ಚಿಕ್ಕ ಮೊಮ್ಮಗಳು, ಅಜ್ಜ, ಯೇ ತಿಲ್ ಹೈ ಕ್ಯಾ ಎಂದು ಕೇಳಿದಳು, ಹೌದು, ಮಚ್ಚೆ ಎಂದೆ. ಒನಕೆಯವ್ವನ ಬೆರಳಿಗೆ ಸಿಗದೆ ತಪ್ಪಿಸಿಕೊಂಡ ಹರಳು ಅದೊಂದೇ ಎಂದು ನನಗೆ ಗೊತ್ತಿದೆ. ಬರೆಯುವಾಗ ಅದು ಪೆನ್ನಿಗೆ ಒತ್ತುತ್ತದೆ.

ಅಪ್ಪಯ್ಯ ಆ ಹೆಸರನ್ನು ಮರುದಿನವೇ ಮರೆತಿರಬೇಕು. ಅಮ್ಮ ಕೊನೆಯವರೆಗೂ ಕುಟ್ಟುವವಳು ಎಂದೇ ಹೇಳುತ್ತಿದ್ದಳು. ಈ ಪುಟಗಳಲ್ಲಿ ನಾನೂ ಚಾಳಿನ ಮಕ್ಕಳು ಇಟ್ಟ ಹೆಸರನ್ನೇ ಬರೆದುಕೊಂಡು ಬಂದೆ, ಅದೂ ಒಂದು ಮುಂದೂಡುವಿಕೆಯೇ. ಅಂದು ಒನಕೆಯನ್ನು ಹೆಗಲಿನಿಂದ ಹೆಗಲಿಗೆ ಬದಲಾಯಿಸಿಕೊಂಡು, ತನ್ನ ಕೈ ಚಲೋ ಇದೆ ಎಂದು ಯಾರಾದರೂ ಹೇಳಲಿ ಎಂಬ ಆಸೆಯಿಂದ, ಒಂದೊಂದು ಅಕ್ಷರವೂ ಕೇಳಿಸುವ ಹಾಗೆ ಅವಳು ಹೇಳಿದ್ದು: ನೀಲಗಂಗವ್ವ.